ಕಮಠಾಣ: ಊರಿನ ಚರಿತ್ರೆಯಲ್ಲಿ ನಮ್ಮ ಹೆಸರು



ಜೂನ್ 24 ಸ್ನಾನಿಕ ಯೊವಾನ್ನರ ಜನನದ ಮಹೋತ್ಸವ. ಅಂದಿನ ಶುಭಸಂದೇಶದಲ್ಲಿ ನಮ್ಮ ಹಳ್ಳಿಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಒಂದು ಸಂಗತಿ ಬರುತ್ತದೆ. ಮಗು ಹುಟ್ಟಿ ಎಂಟನೆಯ ದಿನ. ನೆರೆಹೊರೆಯವರು, ಬಂಧುಬಳಗದವರು ಕೂಡಿದ್ದಾರೆ. ಮಗುವಿಗೆ ತಂದೆಯ ಹೆಸರನ್ನೇ ಇಡಬೇಕೆಂದು ಎಲ್ಲರ ಅಭಿಪ್ರಾಯ. ತಾಯಿ ಎಲಿಜಬೇತಮ್ಮ ಮಾತ್ರ ಒಪ್ಪುವುದಿಲ್ಲ. ಮಾತು ನಿಂತುಹೋಗಿದ್ದ ತಂದೆ ಜಕರೀಯ ಒಂದು ಹಲಗೆ ತರಿಸಿಕೊಂಡು ಅದರ ಮೇಲೆ ಮಗುವಿನ ಹೆಸರನ್ನು ಬರೆಯುತ್ತಾನೆ. ಬರೆದ ಕೂಡಲೇ ಅವನ ನಾಲಿಗೆ ಬಿಚ್ಚಿಕೊಳ್ಳುತ್ತದೆ, ಅವನು ದೇವರನ್ನು ಸ್ತುತಿಸತೊಡಗುತ್ತಾನೆ.

ಹೆಸರು ಬರೆದ ಮೇಲೆ ಮಾತು ಬಂತು. ಈ ಕ್ರಮವನ್ನು ನಾವು ಗಮನಿಸಬೇಕು.

ನಮ್ಮ ಕಲಬುರಗಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೂ ಇದೇ ದಿನ, 2005ರ ಜೂನ್ 24ರಂದು. ಅಲ್ಲಿಯವರೆಗೆ ನಮ್ಮ ಬೀದರ್ ಜಿಲ್ಲೆ ಹೈದರಾಬಾದ್ ಮಹಾಧರ್ಮಪ್ರಾಂತ್ಯಕ್ಕೆ ಸೇರಿತ್ತು. ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂಡ ಅವರು ನಮ್ಮ ಮೊದಲ ಧರ್ಮಾಧ್ಯಕ್ಷರಾದರು. ಒಂದು ಧರ್ಮಪ್ರಾಂತ್ಯದ ಲೆಕ್ಕದಲ್ಲಿ ನಾವಿನ್ನೂ ಎಳೆಯರು. ಆದರೆ ನಾವು ಬದುಕುತ್ತಿರುವ ಊರುಗಳು ಎಳೆಯವಲ್ಲ. ಹಾಗಾದರೆ ಈ ಹಳೆಯ ಊರುಗಳ ಚರಿತ್ರೆಯಲ್ಲಿ ನಮ್ಮ ಹೆಸರು ಎಲ್ಲಿದೆ? ಈ ಪ್ರಶ್ನೆಯನ್ನು ಬೀದರಿನ ಪಕ್ಕದ ಕಮಠಾಣವನ್ನು ಮುಂದಿಟ್ಟುಕೊಂಡು ಈ ಹಬ್ಬದ ಹೊತ್ತಿನಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇವೆ.

ಒಬ್ಬ ಆಯಿ ಹೇಳಿದ ಮಾತು

ಕಮಠಾಣದ ಕಡೆಯ ಒಬ್ಬ ಹಿರಿಯ ತಾಯಿಯ ಹತ್ತಿರ ಕುಳಿತು, ನಿಮ್ಮ ಮನೆತನದ ಹಿಂದಿನ ಸಂಗತಿ ಹೇಳಿರಿ ಎಂದು ನಾವು ಕೇಳಿದ್ದೆವು. ಅವರು ನಕ್ಕುಬಿಟ್ಟರು. "ಇತಿಹಾಸ ರಾಜರಿಗಿ ಇರ್ತದ ಯಪ್ಪಾ. ನಮ್ಮದೇನದ? ಊರ ಹೊರಗ ಇದ್ದೇವು, ದುಡದೇವು, ಉಂಡೇವು" ಎಂದರು. ನಿಮ್ಮ ಅವ್ವನ ಅವ್ವನ ಹೆಸರೇನು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಎಲ್ಲಾರೂ ಆಯಿ ಅಂತಿದ್ರು. ಹೆಸರು ಯಾರು ಕೇಳ್ತಿದ್ರು?" ಎಂದರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮೂರು ತಲೆಮಾರಿನ ಹಿಂದೆ ಅದೇ ಹೊಲಗಳಲ್ಲಿ ಜೋಳ, ತೊಗರಿ, ಉದ್ದು ಬೆಳೆದ ಒಬ್ಬ ಹೆಣ್ಣುಮಗಳ ಹೆಸರು ಈಗ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ದೇವರಿಗೆ ಗೊತ್ತಿದೆ, ನಿಜ. ಆದರೆ ನಮಗೆ ಗೊತ್ತಿಲ್ಲದಿರುವುದು ನಮ್ಮ ನಷ್ಟ.

ಕಲ್ಲಿನಲ್ಲಿ ಉಳಿದ ಊರು

ಕಮಠಾಣವು ಬೀದರ್ ನಗರದಿಂದ ಸುಮಾರು 11 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿರುವ ಪಾರ್ಶ್ವನಾಥ ಬಸದಿಯಿಂದಾಗಿ ಈ ಊರಿನ ಹೆಸರು ಹೊರಗಿನವರಿಗೂ ಗೊತ್ತು. ಜೈನರ ಕಥೆಯಲ್ಲಿ ಕಮಠನೆಂಬವನು ಪಾರ್ಶ್ವನಾಥರನ್ನು ಜನ್ಮಜನ್ಮಗಳಲ್ಲಿ ಕಾಡಿದ ವೈರಿ. ತಪಸ್ಸಿಗೆ ನಿಂತಿದ್ದ ಪಾರ್ಶ್ವನಾಥರ ಮೇಲೆ ಅವನು ಬಿರುಮಳೆ ಸುರಿಸುತ್ತಾನೆ. ಧರಣೇಂದ್ರನೆಂಬ ನಾಗರಾಜ ಹೆಡೆ ಬಿಚ್ಚಿ ಅವರನ್ನು ಕಾಯುತ್ತಾನೆ. ಪಾರ್ಶ್ವನಾಥರ ಮೂರ್ತಿಗಳ ತಲೆಯ ಮೇಲೆ ಹಾವಿನ ಹೆಡೆ ಇರುವುದು ಇದೇ ಕಾರಣಕ್ಕೆ. ಸಂಸ್ಕೃತದಲ್ಲಿ ಕಮಠ ಎಂದರೆ ಆಮೆ ಎಂಬ ಅರ್ಥವೂ ಉಂಟು.

ಈ ಸೀಮೆಯ ಮೇಲೆ ಎಷ್ಟು ಆಳ್ವಿಕೆಗಳು ಹಾದುಹೋದವು ನೋಡಿ. ಮಳಖೇಡದ ರಾಷ್ಟ್ರಕೂಟರು, ಅನಂತರ ಕಲ್ಯಾಣದ ಚಾಲುಕ್ಯರು. 12ನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಮನುಷ್ಯರೆಲ್ಲ ಸಮಾನರೆಂದು ಸಾರಿದರು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ದೊಡ್ಡ ಮದರಸಾ ಕಟ್ಟಿಸಿದನು. ಬಹಮನಿಗಳ ಬಳಿಕ ಬರೀದ್ ಷಾಹಿಗಳು ಬಂದರು. 1619ರಲ್ಲಿ ಬೀದರ್ ಬಿಜಾಪುರದ ಆದಿಲ್ ಷಾಹಿಗಳ ಕೈಗೆ ಹೋಯಿತು. 1657ರಲ್ಲಿ ಔರಂಗಜೇಬನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಮದ್ದಿನ ಸ್ಫೋಟದಲ್ಲಿ ಸುಟ್ಟುಕೊಂಡ ಕಿಲ್ಲೇದಾರ ಮಲಿಕ್ ಮರ್ಜಾನ್ ಪ್ರಾಣಬಿಟ್ಟನು. 18ನೆಯ ಶತಮಾನದಿಂದ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆ.

ರಾಜಧಾನಿಯ ಇಷ್ಟು ಹತ್ತಿರದಲ್ಲಿದ್ದ ಹಳ್ಳಿಯ ಜನ ಅರಮನೆಯ ಉಗ್ರಾಣಕ್ಕೆ ಕಾಳು, ಕುದುರೆ ಲಾಯಕ್ಕೆ ಮೇವು, ಕೋಟೆಯ ಕೆಲಸಕ್ಕೆ ಆಳು ಒದಗಿಸದೆ ಇದ್ದಿರಲು ಸಾಧ್ಯವಿಲ್ಲ. ಕೋಟೆಯ ಕೆಂಪು ಜಂಬಿಟ್ಟಿಗೆಯನ್ನು ಕಡಿದವರು, ಹೊತ್ತವರು ಯಾರು? ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಹೊತ್ತವರ ಹೆಸರು ಎಲ್ಲಿಯೂ ಇಲ್ಲ. ಕಲ್ಲು ಬಹಳ ಕಾಲ ಬಾಳುತ್ತದೆ, ಆದರೆ ಎಲ್ಲರನ್ನೂ ನೆನಪಿಡುವುದಿಲ್ಲ.

ಹಾಗೆಂದು ನಾವು ಬಸದಿಯನ್ನು, ದರ್ಗಾವನ್ನು, ಮಠವನ್ನು ಪರರದೆಂದು ಬದಿಗಿಡುವ ಹಾಗಿಲ್ಲ. ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಅದೇ ಅಹ್ಮದ್ ಷಾನ ಸಮಾಧಿಗೆ ಉರುಸು ನಡೆಯುವಾಗ ಲಿಂಗಾಯತ ಜಂಗಮರು ಮುಂದೆ ನಿಂತು ನಡೆಸಿಕೊಡುವುದನ್ನು ನೀವು ಬಲ್ಲಿರಿ. ಇಂಥ ನೆಲದಲ್ಲಿ ಒಂದು ಧರ್ಮಕೇಂದ್ರದ ಚರಿತ್ರೆಯನ್ನು ಊರಿನ ಚರಿತ್ರೆಯಿಂದ ಕಿತ್ತು ಬೇರೆ ಮಾಡಿ ಬರೆಯಲು ಬರುವುದಿಲ್ಲ.

ಸರ್ಕಾರದ ಕಾಗದದಲ್ಲಿ ಉಳಿದ ಊರು

ಕಲ್ಲು ಬಿಟ್ಟರೆ ಎರಡನೆಯದು ಸರ್ಕಾರದ ಕಾಗದ. ನಿಜಾಮರ ಕಾಲದಲ್ಲಿ ಪ್ರತಿ ಹಳ್ಳಿಗೂ ಕಂದಾಯ ವಸೂಲಿಗೆ ಮಾಲಿ ಪಟೇಲ, ಕಾವಲಿಗೆ ಪೊಲೀಸ್ ಪಟೇಲ, ಲೆಕ್ಕ ಬರೆಯಲು ಪಟವಾರಿ ಇರುತ್ತಿದ್ದರು. ಆಡಳಿತದ ಭಾಷೆ ಮೊದಲು ಪಾರ್ಸಿ, 1880ರ ದಶಕದಿಂದ ಉರ್ದು. ನಮ್ಮ ಕೆಲವರ ಮನೆಯ ಪೆಟ್ಟಿಗೆಯಲ್ಲಿ ಇಂದಿಗೂ ಉರ್ದು ಕಾಗದಗಳು ಇವೆ. ಓದಲು ಬಾರದೆಂದು ಅವನ್ನು ಎಸೆಯಬೇಡಿ. ಪಕ್ಕದ ಓಣಿಯ ಹಿರಿಯ ಮುಸ್ಲಿಂ ಬಾಂಧವರನ್ನು ಕರೆದು ಚಹಾ ಕೊಟ್ಟು ಓದಿಸಿ. ನಮ್ಮ ಅಜ್ಜಂದಿರ ಹೊಲದ ಗಡಿಯನ್ನು ಅವರು ಓದಿ ಹೇಳುವಾಗ ಊರಿನ ಚರಿತ್ರೆಯನ್ನು ಇಬ್ಬರೂ ಕೂಡಿಯೇ ಕಲಿಯುತ್ತೇವೆ.

ಆ ಕಾಗದಗಳಲ್ಲಿ ಇಸವಿ ನಮ್ಮದಿರುವುದಿಲ್ಲ, ಫಸಲಿ ವರ್ಷ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಫಸಲಿ 1340 ಎಂದಿದ್ದರೆ ಅದು 1930-31. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಆರಂಭವಾಗುತ್ತಿತ್ತು. ಹೀಗಾಗಿ ಒಂದು ಫಸಲಿಯೊಳಗೆ ನಮ್ಮ ಎರಡು ಇಸವಿಗಳ ಭಾಗ ಬರುತ್ತದೆ. ಇಷ್ಟು ತಿಳಿದರೆ ಅಜ್ಜನ ಕಾಲದ ಎಷ್ಟೋ ಗಂಟುಗಳು ಬಿಚ್ಚಿಕೊಳ್ಳುತ್ತವೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. ಅದಕ್ಕೆ ಮುಂಚಿನ ರಜಾಕಾರರ ಹಾವಳಿಯನ್ನೂ ಅದರ ನಂತರದ ದಿನಗಳ ಹಿಂಸೆಯನ್ನೂ ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ. 1949ರಲ್ಲಿ ಜಾಗೀರುಗಳು ರದ್ದಾದವು. 1950ರ ದಶಕದ ಖಾಸರಾ ಪಹಣಿಯಲ್ಲಿ ಯಾವ ಹೊಲ ಯಾರದು, ಉಳುವವರು ಯಾರು ಎಂಬುದು ದಾಖಲಾಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಪ್ರದೇಶಕ್ಕೆ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ನಮ್ಮ ಎಷ್ಟೋ ಮನೆಗಳ ಬೀಗರು ಒಂದೇ ದಿನದಲ್ಲಿ ಪರರಾಜ್ಯದವರಾದರು.

ಭಾಷೆಯೂ ಅಷ್ಟೇ ಕಷ್ಟಪಟ್ಟು ಉಳಿಯಿತು. ಭಾಲ್ಕಿಯ ಡಾ. ಚನ್ನಬಸವ ಪಟ್ಟದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮಕ್ಕಳಿಗೆಲ್ಲ ಗೊತ್ತು. ಇಂದು ನಾವು ಕನ್ನಡದಲ್ಲಿ ಬಲಿಪೂಜೆ ಅರ್ಪಿಸುವಾಗ, ಕನ್ನಡದಲ್ಲಿ ಪ್ರಬೋಧನೆ ಕೇಳುವಾಗ ಇಂಥ ಹಿರಿಯರ ಋಣವೂ ನಮ್ಮ ಮೇಲಿದೆ.

ಆದರೆ ಈ ಕಂದಾಯದ ಕಾಗದಗಳಲ್ಲಿಯೂ ಒಂದು ಕೊರತೆ ಇದೆ. ಹೊಲ ಇದ್ದವರಿಗೆ ಅಲ್ಲಿ ಹೆಸರಿದೆ. ಹೊಲವಿಲ್ಲದೆ ಬಿಟ್ಟಿ ಚಾಕರಿ ಮಾಡಿದವರಿಗೆ, ಜೀತವಿದ್ದವರಿಗೆ, ಅವರ ಹೆಂಡಿರು ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ನಮ್ಮ ಆಯಿಯ ಹೆಸರು ಪಟವಾರಿಯ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಗುಡಿಯ ಪುಸ್ತಕ

ಮೂರನೆಯದು ದೇವಾಲಯದ ಪುಸ್ತಕ. ಇದರ ಕಥೆ ದೊಡ್ಡದು. 1563ರಲ್ಲಿ ತ್ರೆಂತ್ ಮಹಾಸಭೆಯು ಪ್ರತಿ ಧರ್ಮಕೇಂದ್ರದ ಗುರುಗಳು ವಿವಾಹದ ಪುಸ್ತಕ ಇಡಬೇಕೆಂದೂ ದೀಕ್ಷಾಸ್ನಾನದಲ್ಲಿ ಜ್ಞಾನ ತಂದೆತಾಯಿಯರ ಹೆಸರು ಬರೆಯಬೇಕೆಂದೂ ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಮರಣ, ಮನೆವಾರು ವಿವರ ಎಂದು ಐದು ಪುಸ್ತಕಗಳನ್ನು ಹೇಳಿತು. ಇಂಗ್ಲೆಂಡಿನಲ್ಲಿ ಇನ್ನೂ ಮೊದಲೇ, 1538ರಲ್ಲಿ, ಪ್ರತಿ ಊರಿನ ದೇವಾಲಯದಲ್ಲಿ ಹುಟ್ಟು, ಮದುವೆ, ಸಾವು ಬರೆದಿಡಬೇಕೆಂದು ರಾಜಾಜ್ಞೆಯಾಯಿತು. ಇಂದು ಇಂಗ್ಲೆಂಡಿನ ಪುಟ್ಟ ಪುಟ್ಟ ಹಳ್ಳಿಗಳಿಗೂ ಸೊಗಸಾದ ಚರಿತ್ರೆಯ ಪುಸ್ತಕಗಳಿವೆ. ಅಲ್ಲಿನ ಜನ ನಮಗಿಂತ ದೊಡ್ಡವರೆಂದಲ್ಲ. ಒಬ್ಬ ಕುರುಬನ ಮಗಳು ಯಾವಾಗ ಹುಟ್ಟಿದಳು, ಯಾರನ್ನು ಕೈಹಿಡಿದಳು, ಎಂದು ಮಣ್ಣಾದಳು ಎಂಬುದನ್ನು ಅಲ್ಲಿ ಯಾರೋ ತಪ್ಪದೆ ಬರೆದಿಟ್ಟರು, ಅಷ್ಟೆ.

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಕಥೋಲಿಕ ವಿಶ್ವಾಸ ನಿನ್ನೆ ಮೊನ್ನೆಯದಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನ ಕ್ರೈಸ್ತರು ಆದಿಲ್ ಷಾಹಿಗಳ ಕಾಲದವರು. ಗೋವೆಯಿಂದ ಬಂದ ಗುರುಗಳಿಗೆ ಬಿಜಾಪುರದ ಸುಲ್ತಾನರು ಭೂಮಿ ಕೊಟ್ಟ ನೆನಪು ಅಲ್ಲಿದೆ. ಬೀದರ್ ಭಾಗದಲ್ಲಿ ಮಾತ್ರ ಕ್ರಿಸ್ತರ ಹೆಸರು ಹಳ್ಳಿಹಳ್ಳಿಗೆ ಮುಟ್ಟಿದ್ದು ಬಹುಮಟ್ಟಿಗೆ ಮೆಥೊಡಿಸ್ಟ್ ಮಿಷನ್ನಿನಿಂದ. 19ನೆಯ ಶತಮಾನದ ಕೊನೆಯಲ್ಲಿ ಬಂದ ಆ ಮಿಷನರಿಗಳು ಬೀದರಿನಲ್ಲಿ ಶಾಲೆ, ಆಸ್ಪತ್ರೆ ತೆರೆದರು. ಇಂದಿಗೂ ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥೊಡಿಸ್ಟ್ ಸಭೆಯವರೇ. ಇದನ್ನು ಹೇಳಲು ನಮಗೆ ಸಂಕೋಚ ಬೇಡ. ನಮ್ಮ ಕೆಲವು ಕುಟುಂಬಗಳ ಹಿರಿಯರ ಹೆಸರು ನಮ್ಮ ಪುಸ್ತಕಕ್ಕಿಂತ ಮೊದಲು ಅವರ ಪುಸ್ತಕದಲ್ಲಿ ಸಿಕ್ಕರೆ ಅದೂ ದೇವರ ಕೆಲಸವೇ. ಹೋಗಿ ಪ್ರೀತಿಯಿಂದ ಕೇಳೋಣ.

ಈ ಪುಸ್ತಕಗಳ ದೊಡ್ಡಸ್ತಿಕೆ ಎಂಥದು? ಊರ ಹೊರಗಿನ ಕೇರಿಯ ಒಂದು ಕೂಸಿಗೆ ಪೂರ್ತಿ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಊರು, ಸಾಕ್ಷಿ ನಿಂತವರ ಹೆಸರು, ಇವೆಲ್ಲ ಒಂದೇ ಸಾಲಿನಲ್ಲಿ ಬರೆಯಲ್ಪಟ್ಟದ್ದು ಎಷ್ಟೋ ಮನೆತನಗಳಲ್ಲಿ ಮೊದಲ ಬಾರಿಗೆ ಇಲ್ಲಿಯೇ. ಪಟ್ಟೆದಾರನ ಮಗನಿಗೂ ಕೂಲಿಯವನ ಮಗಳಿಗೂ ಅಲ್ಲಿ ಒಂದೊಂದೇ ಸಾಲು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚಿನ ಪುಸ್ತಕಗಳು ಲತೀನಿನಲ್ಲಿದ್ದರೆ ಹೆದರಬೇಡಿ. ಯೊವಾನ್ನೆಸ್ ಎಂದಿದ್ದರೆ ನಮ್ಮ ಜಾನಪ್ಪ, ಮರಿಯ ಎಂದಿದ್ದರೆ ನಮ್ಮ ಮರಿಯಮ್ಮ. ಬರೆದ ಗುರುಗಳು ನಮ್ಮ ಊರ ಹೆಸರನ್ನು ತಮ್ಮ ಕಿವಿಗೆ ಬಿದ್ದಂತೆ ಬರೆದಿರಬಹುದು. ಗಟ್ಟಿಯಾಗಿ ಓದಿ ನೋಡಿ, ಊರು ತಾನೇ ಸಿಗುತ್ತದೆ.

ಎರಡು ಹೆಸರುಗಳ ನೋವು

ಇಲ್ಲಿ ಒಂದು ನೋವಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಬಹಳ ಮಂದಿಗೆ ಎರಡು ಹೆಸರು. ಶಾಲೆಯ ದಾಖಲೆಯಲ್ಲಿ ಒಂದು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು. ಇದಕ್ಕೆ ಕಾರಣ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರು ಕಡಿಮೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಸೀಮಿತವಾಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ಕ್ರೈಸ್ತರಾದ ದಲಿತರನ್ನು ಸೇರಿಸಲಿಲ್ಲ. ದೇವಾಲಯಕ್ಕೆ ಹೋದ ಮಾತ್ರಕ್ಕೆ ಊರಿನ ಬಾವಿಯ ಹತ್ತಿರ ಅವರಿಗೆ ಆಗುತ್ತಿದ್ದ ಅವಮಾನ ನಿಲ್ಲಲಿಲ್ಲ. ಆದರೆ ಸರ್ಕಾರದ ನೆರವು ಮಾತ್ರ ನಿಂತಿತು. ಮಕ್ಕಳ ಓದು, ನೌಕರಿಗಾಗಿ ತಂದೆತಾಯಿಯರು ಒಂದು ಹೆಸರನ್ನು ಮುಂದಿಟ್ಟು ಇನ್ನೊಂದನ್ನು ಎದೆಯೊಳಗೆ ಇಟ್ಟುಕೊಂಡರು. ಇವರನ್ನು ತೀರ್ಪು ಮಾಡುವ ಅಧಿಕಾರ ನಮಗಾರಿಗೂ ಇಲ್ಲ.

ಊರಿನ ಚರಿತ್ರೆ ಬರೆಯೋಣ ಎಂದಾಗ ಕೆಲವರು ಹಿಂದೆ ಸರಿಯುವುದು ಇದೇ ಅಂಜಿಕೆಯಿಂದ. ಅವರ ಅಂಜಿಕೆ ಸುಳ್ಳಲ್ಲ. ಆದಕಾರಣ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯೋಣ. ಬರೆದಿಡುವುದು ಬೇರೆ, ಅಚ್ಚು ಹಾಕುವುದು ಬೇರೆ. ಧರ್ಮಕೇಂದ್ರದ ಪುಸ್ತಕಗಳು ಗುರುಗಳ ಜವಾಬ್ದಾರಿಯಲ್ಲಿ ಭದ್ರವಾಗಿರಬೇಕಾದವು. ಬದುಕಿರುವವರ ಒಪ್ಪಿಗೆಯಿಲ್ಲದೆ ಒಂದು ಹೆಸರನ್ನೂ ಹೊರಗೆ ಹಾಕಬಾರದು. ಮನೆಯ ನೆನಪನ್ನು ಮನೆಯ ಪುಸ್ತಕದಲ್ಲಿ ಬರೆದುಕೊಳ್ಳಲು ಮಾತ್ರ ಯಾರೂ ಅಂಜಬೇಕಾಗಿಲ್ಲ.

ಮತ್ತಾಯನು ಶುಭಸಂದೇಶವನ್ನು ಆರಂಭಿಸಿದ್ದು ಹೆಸರುಗಳ ಪಟ್ಟಿಯಿಂದಲೇ ಅಲ್ಲವೇ? ಆ ಪಟ್ಟಿಯಲ್ಲಿ ರಾಜರಿದ್ದಾರೆ, ಜೊತೆಗೆ ಲೋಕ ಕೀಳಾಗಿ ಕಂಡಿದ್ದ ತಾಮಾರಳೂ ರಾಹಾಬಳೂ ಇದ್ದಾರೆ, ಪರದೇಶದವಳಾದ ರೂತಳೂ ಇದ್ದಾಳೆ. ಪವಿತ್ರಾತ್ಮರು ಆ ಹೆಸರುಗಳನ್ನು ಅಳಿಸಲಿಲ್ಲ. ಅದೇ ವಂಶದಲ್ಲಿ ನಮ್ಮ ಪ್ರಭು ಹುಟ್ಟಿಬಂದರು.

ನಾವು ಮಾಡಬಹುದಾದದ್ದು

ಈ ಹಬ್ಬದಿಂದ ಮುಂದಿನ ಹಬ್ಬದೊಳಗೆ ಪ್ರತಿ ಕುಟುಂಬ ಒಂದು ನೋಟ್‌ಬುಕ್ ತೆರೆಯಲಿ. ಮನೆಯ ಅತಿ ಹಿರಿಯರ ಹತ್ತಿರ ಮೊಮ್ಮಕ್ಕಳನ್ನು ಕೂಡಿಸಿ. ಅವರ ತಂದೆತಾಯಿ, ಅಜ್ಜ, ಆಯಿ, ತವರೂರು, ಮಾಡುತ್ತಿದ್ದ ಕೆಲಸ ಇವನ್ನು ಕೇಳಿ ಬರೆಯಿರಿ. 1972ರ ಬರದಲ್ಲಿ ಏನುಂಡರು, ಯಾವ ಊರಿಗೆ ದುಡಿಯಲು ಹೋದರು, ಮೊದಲು ಶಾಲೆಗೆ ಹೋದವರು ಯಾರು, ಮೊದಲ ಉಪದೇಶಿ ಯಾರು, ಯಾರ ಪಡಸಾಲೆಯಲ್ಲಿ ಮೊದಲು ಜಪಸರ ಮಾಡಿದರು ಎಂದು ಕೇಳಿ. ಇಸವಿ ನೆನಪಿಲ್ಲದಿದ್ದರೆ ರಜಾಕಾರರ ಗದ್ದಲಕ್ಕೆ ಮುಂಚೆಯೋ ಆಮೇಲೆಯೋ, ರಾಜ್ಯ ಒಡೆಯುವ ಮುಂಚೆಯೋ ಆಮೇಲೆಯೋ ಎಂದು ಕೇಳಿ. ಹಿರಿಯರ ಲೆಕ್ಕ ಆ ಬಗೆಯದು. ಸಮಾಧಿಭೂಮಿಯಲ್ಲಿ ಅಳಿಸಿಹೋಗುತ್ತಿರುವ ಹೆಸರುಗಳನ್ನು ಯುವಕರು ಬರೆದುಕೊಳ್ಳಲಿ. ಹಳೆಯ ಫೋಟೋದ ಹಿಂಭಾಗದಲ್ಲಿ ಯಾರು ಯಾರೆಂದು ಇಂದೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ನಾಳೆ ಹೇಳುವವರು ಇರಲಿಕ್ಕಿಲ್ಲ.

ಬೆಳೆಯುವ ಮಕ್ಕಳಿಗೆ ಬಸದಿಯನ್ನೂ ಕೋಟೆಯನ್ನೂ ತೋರಿಸಿ. ಇದು ನಮ್ಮ ಊರು, ಇದನ್ನು ಕಟ್ಟಿದ ಕೈಗಳಲ್ಲಿ ನಮ್ಮ ಹಿರಿಯರ ಕೈಯೂ ಇದ್ದಿರಬೇಕು ಎಂದು ಹೇಳಿ. ನಿನ್ನೆ ಬಂದವರೆಂದು ಯಾರಾದರೂ ನಮ್ಮನ್ನು ಕರೆದರೆ ಜಗಳ ಬೇಡ, ತಲೆ ತಗ್ಗಿಸುವುದೂ ಬೇಡ. ವಿಶ್ವಾಸ ಇತ್ತೀಚೆಗೆ ಬಂದಿರಬಹುದು, ಬೆವರು ಮಾತ್ರ ಬಹಳ ಹಳೆಯದು.

ಆ ತಾಯಿಯ ಮನೆಯಿಂದ ನಾವು ಹೊರಡಲು ಎದ್ದಾಗ ಅವರು ಬಾಗಿಲವರೆಗೆ ಬಂದರು. ನಾವು ನೋಟ್‌ಬುಕ್ಕಿನಲ್ಲಿ ಅವರ ಹೆಸರನ್ನೂ ಅವರ ಅವ್ವನ ಹೆಸರನ್ನೂ ಬರೆದು ಓದಿ ತೋರಿಸಿದೆವು. ಅವರು ಅಕ್ಷರ ಬಲ್ಲವರಲ್ಲ. ಆದರೂ ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮವ್ವ ಇದ್ದಾಳೇನು?" ಎಂದು ಕೇಳಿದರು. ಇದ್ದಾಳೆ ಎಂದೆವು. ಆಮೇಲೆ ಅವರು ಮತ್ತೆ ಜಗುಲಿಯ ಮೇಲೆ ಕುಳಿತು, ನಾವು ಕೇಳದೆಯೇ, ಅರ್ಧ ಗಂಟೆ ಮಾತನಾಡಿದರು.

ಹಲಗೆಯ ಮೇಲೆ ಮಗನ ಹೆಸರು ಬರೆದ ಜಕರೀಯನ ಬಾಯಿ ತೆರೆದ ದೇವರು, ನಮ್ಮ ಊರುಗಳಲ್ಲಿ ಇಷ್ಟು ಕಾಲ ಮೌನವಾಗಿರುವ ಹಿರಿಯರ ಬಾಯಿಯನ್ನೂ ತೆರೆಯಲಿ. ಬರೆಯುವ ಕೈಗಳನ್ನು ನಮ್ಮ ಮಕ್ಕಳಲ್ಲಿ ಎಬ್ಬಿಸಲಿ. ಸ್ನಾನಿಕ ಸಂತ ಯೊವಾನ್ನರೇ, ನಮಗಾಗಿ ಪ್ರಾರ್ಥಿಸಿರಿ.